ಬಿಚ್ಚದ ಪೊಟ್ಟಣದ ಋಣ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಹಾಗಿದ್ದೂ ಆ ಕಾರ್ಖಾನೆಯ ಮುದ್ರೆ ಹೊತ್ತ, ಒಮ್ಮೆಯೂ ಬಿಚ್ಚದ ಪೊಟ್ಟಣಗಳು ಇವತ್ತಿಗೂ ಅಲ್ಲಲ್ಲಿ ಸಿಗುತ್ತವೆ. ಎಂದೋ ಮುಚ್ಚಿದ ಡೀಲರ್ ಅಂಗಡಿಯ ಅಟ್ಟದಲ್ಲಿ, ತೀರಿಹೋದ ಮೆಕ್ಯಾನಿಕ್ಕಿನ ತಗಡಿನ ಪೆಟ್ಟಿಗೆಯಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಮಳಿಗೆಗಳ ಹಿಂಬದಿಯ ಕಪಾಟಿನಲ್ಲಿ. ಗ್ರೀಸು ಮೆತ್ತಿದ ಮೇಣದ ಕಾಗದ, ಅಂಚು ಹಳದಿಯಾದ ಚೀಟಿ, ದಾರದ ಗಂಟು. ಒಳಗೆ ಒಂದು ಪಿಸ್ಟನ್, ಒಂದು ಜೊತೆ ರಿಂಗು, ಒಂದು ಗೇರು, ಇಲ್ಲವೇ ಒಂದು ಆಯಿಲ್ ಸೀಲು. ಹಳೆಯ ಗಾಡಿ ರಿಪೇರಿ ಮಾಡುವವರು ಇದನ್ನು ಓಲ್ಡ್ ಸ್ಟಾಕ್ ಅನ್ನುತ್ತಾರೆ, ಕಂಪೆನಿ ಮಾಲು ಅನ್ನುತ್ತಾರೆ. ಆ ಮಾತು ಹೇಳುವಾಗ ಅವರ ದನಿಯಲ್ಲಿ ಒಂದು ಗೌರವ ಇರುತ್ತದೆ.

ಅಂಥ ಪೊಟ್ಟಣ ಕೈಗೆ ಬಂದಾಗ ಮನಸ್ಸು ಎರಡಾಗುತ್ತದೆ. ಬಿಚ್ಚಿ ಎಂಜಿನ್ನಿಗೆ ಹಾಕೋಣವೇ, ಹಾಗೆಯೇ ಇಡೋಣವೇ? ಹಾಕಿದರೆ ಮುಗಿಯಿತು, ಜಗತ್ತಿನಲ್ಲಿ ಅಂಥದ್ದು ಒಂದು ಕಡಿಮೆಯಾಯಿತು. ಇಟ್ಟರೆ ಅದು ಯಾತಕ್ಕಾಗಿ ತಯಾರಾಯಿತೋ ಆ ಕೆಲಸವನ್ನೇ ಮಾಡದೆ ಉಳಿಯಿತು. ಕೆಲವರಿಗೆ ಇದು ಹವ್ಯಾಸಿಗಳ ಚಿಲ್ಲರೆ ಚಿಂತೆ ಅನ್ನಿಸೀತು. ನನಗೆ ಹಾಗೆ ಅನ್ನಿಸುವುದಿಲ್ಲ. ಇನ್ನೊಬ್ಬರು ದುಡಿದು ಮಾಡಿಟ್ಟದ್ದು, ಇನ್ನೊಮ್ಮೆ ಯಾರೂ ಮಾಡದೆ ಇರಬಹುದಾದದ್ದು ನಮ್ಮ ಕೈಗೆ ಬಂದಾಗ ಅದರ ಬಗ್ಗೆ ನಮ್ಮ ಹೊಣೆ ಏನು ಎಂಬ ಪ್ರಶ್ನೆ ಇದರೊಳಗಿದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಹಾಕಬೇಕು. ಆದರೆ ಕಣ್ಣು ಮುಚ್ಚಿಕೊಂಡು ಹಾಕಬಾರದು, ಅಳತೆ ತೆಗೆದಿಡದೆ ಹಾಕಬಾರದು. ಈ ಎರಡು ಷರತ್ತುಗಳ ಬಗ್ಗೆಯೇ ನನ್ನ ಮಾತು.

ಜಾವಾ ನಮ್ಮ ನೆಲದಲ್ಲಿ ಹುಟ್ಟಿದ ಯಂತ್ರವಲ್ಲ, ಜೆಕೊಸ್ಲೊವಾಕಿಯಾದ್ದು. ಬೊಂಬಾಯಿಯಲ್ಲಿ ಅದನ್ನು ಆಮದು ಮಾಡಿ ಮಾರುತ್ತಿದ್ದ ಇರಾನಿ ಕುಟುಂಬದ ರುಸ್ತುಂ ಮತ್ತು ಫಾರೂಕ್ ಇರಾನಿ ಮೈಸೂರಿಗೆ ಬಂದು ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಆ ಕಾರ್ಖಾನೆಯ ಬಿಡಿಭಾಗಗಳು ಇವತ್ತಿಗೂ ಕೈಬದಲಾಗುವ ಬೆಂಗಳೂರಿನ ರಸ್ತೆಗೂ ಅವರದೇ ಹೆಸರು. 1973ರಿಂದ ಗಾಡಿಯ ಮೇಲೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. ಹೆಸರು ಬದಲಾದರೂ ಎಂಜಿನ್ನಿನ ಹೃದಯ ಹೆಚ್ಚು ಬದಲಾಗಲಿಲ್ಲ. 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಒಂದೇ ಸಿಲಿಂಡರು, ಅದರಿಂದ ಹೊರಡುವ ಎರಡು ಸೈಲೆನ್ಸರು. ಒದೆಯುವ ಲಿವರೇ ಗೇರಿನ ಲಿವರೂ ಹೌದು. ವಾಲ್ವ್ ಇಲ್ಲ, ವಾಲ್ವ್ ತೆರೆಯುವ ಕ್ಯಾಮ್ ಇಲ್ಲ. ಓಡುವ ಭಾಗ ಎಷ್ಟು ಕಡಿಮೆಯೆಂದರೆ, ಲಕ್ಷ್ಯವಿಟ್ಟು ನೋಡಿದ ಯಾರಿಗಾದರೂ ಅದರ ಕೆಲಸ ಅರ್ಥವಾಗುತ್ತದೆ. ಅರ್ಥವಾಗುವ ಯಂತ್ರದ ಮೇಲೆ ಮನುಷ್ಯನಿಗೆ ಪ್ರೀತಿ ಹುಟ್ಟುವುದು ಸಹಜ. 1985ರ ನಂತರ ಜಪಾನಿ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದು, ಹೊಗೆಯ ನಿಯಮಗಳು ಬಿಗಿಯಾಗಿ ಇದರ ಕಾಲ ಮುಗಿಯಿತು. 2018ರಲ್ಲಿ ಜಾವಾ ಹೆಸರು ಮತ್ತೆ ರಸ್ತೆಗೆ ಬಂದಿತಾದರೂ ಅದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್ನು. ಅದರ ಪಿಸ್ಟನ್ನಿಗೂ ಹಳೆಯ ಗಾಡಿಗೂ ಸಂಬಂಧವಿಲ್ಲ. ಹಾಗಾಗಿ ಹಳೆಯ ಜಾವಾ ಓಡಿಸುವವರಿಗೆ ಉಳಿದಿರುವುದು ಎರಡೇ ದಾರಿ. ಯಾರೋ ಹೊಸದಾಗಿ ಮಾಡಿದ ನಕಲು ಮಾಲು, ಇಲ್ಲವೇ ಆ ಬಿಚ್ಚದ ಪೊಟ್ಟಣ.

ಆ ಪೊಟ್ಟಣ ಇಷ್ಟು ವರ್ಷ ಯಾಕೆ ಉಳಿಯಿತು ಎಂದು ಕೇಳುವವರು ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಅದು. ಗಾಡಿಗಳು ರಸ್ತೆ ತುಂಬ ಓಡಾಡುತ್ತಿದ್ದ ಕಾಲದಲ್ಲಿ ಬೇಗ ಸವೆಯುವ ಭಾಗಗಳೆಲ್ಲ ಮಾರಾಟವಾಗಿ ಹೋದವು. ಉಳಿದದ್ದು ಯಾರಿಗೂ ಬೇಡವಾದದ್ದು. ಅಷ್ಟಾಗಿ ಸವೆಯದ ಭಾಗ, ಚೆನ್ನಾಗಿ ಓಡದ ಮಾಡೆಲ್ಲಿನ ಭಾಗ, ಅಳತೆ ಕೂಡದ ಭಾಗ. ಪಿಸ್ಟನ್ನಿನ ವಿಷಯವನ್ನೇ ತೆಗೆದುಕೊಳ್ಳಿ. ಹಳೆಯ ಮಳಿಗೆಗಳಲ್ಲಿ ಸರಿಯಾಗಿ 65 ಮಿ.ಮೀ.ಯ ಸ್ಟ್ಯಾಂಡರ್ಡ್ ಪಿಸ್ಟನ್ ಸಿಕ್ಕರೂ ಸಿಕ್ಕೀತು. ಆದರೆ ನಲವತ್ತು ಐವತ್ತು ವರ್ಷ ಓಡಿದ ಗಾಡಿಯ ಸಿಲಿಂಡರು ಸ್ಟ್ಯಾಂಡರ್ಡ್ ಅಳತೆಯಲ್ಲಿ ಎಲ್ಲಿ ಉಳಿದಿರುತ್ತದೆ? ಒಂದೊಂದು ಸಲ ಬೋರ್ ಮಾಡಿಸಿದಾಗಲೂ ಕಾಲು ಮಿಲಿಮೀಟರಿನಂತೆ ಅಗಲವಾಗುತ್ತಾ ಬಂದಿರುತ್ತದೆ, ಪ್ರತಿಸಲವೂ ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಕೇಳುತ್ತದೆ. ಎಲ್ಲರಿಗೂ ಬೇಕಾದ್ದು ಆ ಓವರ್‌ಸೈಜು, ಮೊದಲು ಖಾಲಿಯಾದದ್ದೂ ಅದೇ. ಸ್ಟ್ಯಾಂಡರ್ಡ್ ಪಿಸ್ಟನ್ ಬಳಸಲೇಬೇಕೆಂದರೆ ಸಿಲಿಂಡರಿಗೆ ಹೊಸ ಸ್ಲೀವ್ ಹಾಕಿಸಬೇಕು. ಇನ್ನು ಕೆಲವು ಪೊಟ್ಟಣಗಳು ಉಳಿದದ್ದಕ್ಕೆ ಕಾರಣ ಬೇರೆ. ಒಳಗಿದ್ದ ಮಾಲಿನಲ್ಲೇ ದೋಷವಿತ್ತು, ಆಗಿನ ಮೆಕ್ಯಾನಿಕ್ಕು ಒಮ್ಮೆ ಹಾಕಿ ನೋಡಿ ತಂದು ವಾಪಸು ಕೊಟ್ಟಿದ್ದ, ಅಂಗಡಿಯಾತ ಮತ್ತೆ ಕಾಗದ ಸುತ್ತಿ ಅಟ್ಟಕ್ಕೇರಿಸಿದ್ದ. ಹಳೆಯದು, ಬಳಸದ್ದು ಎಂಬ ಮಾತ್ರಕ್ಕೆ ಅದು ಒಳ್ಳೆಯದು ಅಂತ ಆಗುವುದಿಲ್ಲ. ಮೈಕ್ರೋಮೀಟರ್ ಹಿಡಿಯದೆ ಓಲ್ಡ್ ಸ್ಟಾಕಿಗೆ ಕೈಮುಗಿಯುವುದು ಆ ಮಾಲಿಗೂ ಗೌರವವಲ್ಲ.

ಈಗ ಒಂದು ಆಯಿಲ್ ಸೀಲಿನ ಪೊಟ್ಟಣ ಬಿಚ್ಚೋಣ. ಅಂಗೈಯಲ್ಲಿ ಹಿಡಿಸುವ ಉಂಗುರ. ಹೊರಗೆ ಲೋಹದ ಕವಚ, ಒಳಗೆ ಕಪ್ಪು ರಬ್ಬರಿನ ತೆಳ್ಳನೆಯ ತುಟಿ, ಆ ತುಟಿಯ ಬೆನ್ನಿಗೆ ಕೂದಲಿನಷ್ಟು ನಯವಾದ ಸ್ಪ್ರಿಂಗಿನ ಬಳೆ. ನೋಡಲು ಅಂದವಾಗಿದೆ, ಒಂದು ಗೆರೆ ಬಿದ್ದಿಲ್ಲ. ಲೋಹದ ಮೇಲಿನ ನಂಬರು ಸ್ಪಷ್ಟವಾಗಿದೆ. ಈಗ ತುಟಿಯನ್ನು ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ. ಒಳ್ಳೆಯ ರಬ್ಬರು ಬಾಗಿ, ಉಗುರು ತೆಗೆದ ಕೂಡಲೇ ಮೊದಲಿನ ಆಕಾರಕ್ಕೆ ಬರುತ್ತದೆ. ಇದು ಬಾಗಲು ತಕರಾರು ಮಾಡುತ್ತದೆ, ಬಾಗಿದ್ದು ಹಾಗೆಯೇ ನಿಲ್ಲುತ್ತದೆ. ಬೆಳಕಿಗೆ ಹಿಡಿದು ಇನ್ನಷ್ಟು ಬಾಗಿಸಿದರೆ ಬುಡದಲ್ಲಿ ಸಣ್ಣ ಸಣ್ಣ ಸೀಳುಗಳು ಬಾಯಿ ಬಿಡುತ್ತವೆ. ಸ್ಪ್ರಿಂಗಿಗೆ ತುಕ್ಕಿನ ಕಂದು ಬಂದಿದೆ. ಒಂದು ದಿನವೂ ಕೆಲಸ ಮಾಡದೆ ಈ ಸೀಲು ಮುದಿಯಾಗಿದೆ.

ಇದನ್ನು ಜಾವಾದಂಥ ಟೂ ಸ್ಟ್ರೋಕ್ ಎಂಜಿನ್ನಿಗೆ ಹಾಕಿದರೆ ಏನಾಗುತ್ತದೆ? ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ತಗ್ಗಿ, ಕಾರ್ಬ್ಯುರೇಟರಿನಿಂದ ಪೆಟ್ರೋಲು ಗಾಳಿಯ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಅದುಮಿಸಿಕೊಂಡು ಸಿಲಿಂಡರಿಗೆ ಏರುತ್ತದೆ. ಅಂದರೆ ಕ್ರ್ಯಾಂಕ್‌ಕೇಸು ಬರೀ ಪೆಟ್ಟಿಗೆಯಲ್ಲ, ಪಂಪು. ಅದರ ಎರಡೂ ಬದಿಯಲ್ಲಿ ಗಾಳಿ ನುಸುಳದಂತೆ ಕಾಯುವುದು ಈ ರಬ್ಬರಿನ ತುಟಿ. ಡೈನಮೊ ಕಡೆಯ ಸೀಲು ಸೋತರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಮಿಶ್ರಣ ತೆಳುವಾಗುತ್ತದೆ, ಸಿಲಿಂಡರು ಕಾಯುತ್ತದೆ. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ ಆದ್ದರಿಂದ ಪೆಟ್ರೋಲು ತೆಳುವಾದಾಗ ಎಣ್ಣೆಯೂ ಕಡಿಮೆಯಾಗುತ್ತದೆ. ಕಡೆಗೆ ಹೆದ್ದಾರಿಯ ನಡುವೆ ಪಿಸ್ಟನ್ನು ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಡುತ್ತದೆ. ಕ್ಲಚ್ ಕಡೆಯ ಸೀಲು ಸೋತರೆ ಗೇರು ಪೆಟ್ಟಿಗೆಯ ಎಣ್ಣೆಯನ್ನು ಎಂಜಿನ್ನು ಹೀರಿಕೊಂಡು ಬೆಳ್ಳಗೆ ಹೊಗೆ ಉಗುಳುತ್ತದೆ. ಒಂದು ಉಂಗುರದ ಮೇಲಿನ ಮೋಹಕ್ಕೆ ತೆರುವ ದಂಡ ಸಣ್ಣದಲ್ಲ. ಗಾಡಿ ಓಡಿಸುವವನ ಮೈಮೂಳೆ ಅದರಲ್ಲಿ ಸೇರಿದೆ.

ರಬ್ಬರು ಸಾಮಾನುಗಳ ಸಂಗ್ರಹಕ್ಕೆ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ, ಐಎಸ್‌ಒ 2230. ಅದರ ಪ್ರಕಾರ ಒಳ್ಳೆಯ ಗೋದಾಮಿನಲ್ಲಿ, ಬೆಳಕು ಬಿಸಿ ತಾಕದಂತೆ ಇಟ್ಟ ಸಹಜ ರಬ್ಬರಿಗೆ ಮೊದಲ ಅವಧಿ 5 ವರ್ಷ, ಆಯಿಲ್ ಸೀಲಿಗೆ ಬಳಸುವ ನೈಟ್ರೈಲ್ ರಬ್ಬರಿಗೆ 7 ವರ್ಷ. ಆಮೇಲೆ ಪರೀಕ್ಷೆ ಮಾಡಿ ಕೆಲವು ವರ್ಷ ವಿಸ್ತರಿಸಬಹುದು, ಅಷ್ಟೆ. ನಮ್ಮ ಅಟ್ಟಗಳ ಸೆಕೆಯಲ್ಲಿ ಮೂವತ್ತು ವರ್ಷ ಕಳೆದ ಸೀಲಿನ ಮಾತೇನು? ಬಿತ್ತನೆಯ ಬೀಜವನ್ನು ಎಷ್ಟೇ ಜೋಪಾನವಾಗಿ ಕಣಜದಲ್ಲಿಟ್ಟರೂ ವರ್ಷಗಳು ಕಳೆದಂತೆ ಮೊಳೆಯುವ ಶಕ್ತಿ ಹೋಗುತ್ತದೆ, ಕಾಳು ಕಾಣಲು ಹಾಗೆಯೇ ಇದ್ದರೂ. ರಬ್ಬರಿನದೂ ಅದೇ ಕಥೆ. ಬಳಸದೆ ಇಟ್ಟರೆ ಕಾಲದಿಂದ ತಪ್ಪಿಸಿಕೊಂಡೆವು ಎಂದು ನಾವು ತಿಳಿಯುತ್ತೇವೆ. ಕಾಲಕ್ಕೆ ಪೊಟ್ಟಣ ಅಡ್ಡಿಯಾಗುವುದಿಲ್ಲ.

ಕಂಡೆನ್ಸರಿನದು ಇನ್ನೂ ಕಷ್ಟದ ವಿಷಯ, ಯಾಕೆಂದರೆ ಅದರ ಮುಪ್ಪು ಕಣ್ಣಿಗೆ ಕಾಣುವುದಿಲ್ಲ. ಇಗ್ನಿಷನ್ ಪಾಯಿಂಟಿನ ಪಕ್ಕದಲ್ಲಿ ಕೂರುವ ಆ ಪುಟ್ಟ ಡಬ್ಬಿಯೊಳಗೆ ಲೋಹದ ಹಾಳೆ ಮತ್ತು ಕಾಗದ ಸುರುಳಿ ಸುತ್ತಿಕೊಂಡಿರುತ್ತವೆ. ಅಂಚಿನ ಮುಚ್ಚಳ ಸ್ವಲ್ಪ ಸಡಿಲವಾದರೂ ಮಳೆಗಾಲದ ತೇವವನ್ನು ಕಾಗದ ಹೀರುತ್ತದೆ, ವಿದ್ಯುತ್ತು ಒಳಗೇ ಸೋರತೊಡಗುತ್ತದೆ. ಬೆಳಗಿನ ತಂಪಿನಲ್ಲಿ ಗಾಡಿ ಒಂದೇ ಒದೆತಕ್ಕೆ ಶುರುವಾಗುತ್ತದೆ, ಕಾದ ಮೇಲೆ ಸತ್ತುಹೋಗುತ್ತದೆ. ಕಾರ್ಬ್ಯುರೇಟರು ಬಿಚ್ಚುತ್ತಾರೆ, ಪ್ಲಗ್ಗು ಬದಲಿಸುತ್ತಾರೆ, ಪಾಯಿಂಟಿನ ಅಂತರವನ್ನು ಮತ್ತೆ 0.4 ಮಿ.ಮೀ.ಗೆ ಹೊಂದಿಸುತ್ತಾರೆ. ಕಂಡೆನ್ಸರನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ, ಅದು ಕಂಪೆನಿ ಮಾಲಲ್ಲವೇ! ಈಗಿನ ಪ್ಲಾಸ್ಟಿಕ್ ಫಿಲ್ಮಿನ ಕಂಡೆನ್ಸರು ಕಡಿಮೆ ಬೆಲೆಗೆ ಸಿಗುತ್ತದೆ, ತೇವಕ್ಕೆ ಹೆದರುವುದಿಲ್ಲ. ಅದನ್ನು ಹಾಕಲು ನಾನು ಒಂದು ಕ್ಷಣವೂ ಹಿಂದೆಮುಂದೆ ನೋಡುವುದಿಲ್ಲ.

ಹಾಗಾದರೆ ಉಳಿಯುವುದು ಯಾವುದು? ಲೋಹ ಉಳಿಯುತ್ತದೆ. ಎಣ್ಣೆ ಕಾಗದದಲ್ಲಿ ಸುತ್ತಿದ ಎರಕದ ರಿಂಗು, ಗೇರಿನ ಹಲ್ಲು, ಗಜ್ಜನ್ ಪಿನ್ನು, ಕಿಕ್ ಶಾಫ್ಟು ಇವಕ್ಕೆ ತುಕ್ಕು ಹಿಡಿಯದಿದ್ದರೆ ಹುಟ್ಟಿದ ದಿನದ ಗುಣವೇ ಇರುತ್ತದೆ. ಗೇರಿನ ಉಕ್ಕಿನ ಗುಣಮಟ್ಟ, ಅದಕ್ಕೆ ಕೊಟ್ಟ ಹದ ಇವುಗಳಲ್ಲಿ ಹಳೆಯ ಕಾರ್ಖಾನೆಯ ಮಾಲನ್ನು ಈಗಿನ ಅಗ್ಗದ ನಕಲು ಮುಟ್ಟಲಾರದು. ಓಲ್ಡ್ ಸ್ಟಾಕು ನಿಜವಾಗಿಯೂ ತನ್ನ ಹೆಸರು ಉಳಿಸಿಕೊಳ್ಳುವುದು ಇಲ್ಲಿ. ಲೋಹದಲ್ಲೂ ಅಪವಾದ ಇಲ್ಲದಿಲ್ಲ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಹಳೆಯ ಭಾಗಗಳಲ್ಲಿ ಸೀಸದ ಕಲಬೆರಕೆ ಇದ್ದರೆ ಅವು ಕಪಾಟಿನಲ್ಲಿ ಕೂತಲ್ಲೇ ಒಳಗಿನಿಂದ ಬಿರಿದು ಪುಡಿಯಾಗುತ್ತವೆ. ಬೇರಿಂಗಿನ ಮಾತೇ ಬೇರೆ. ಅದರ ನಂಬರು ಜಗತ್ತಿಗೆಲ್ಲ ಒಂದೇ, ಇವತ್ತು ತಯಾರಾದದ್ದು ಯಾವ ಊರಲ್ಲಾದರೂ ಸಿಗುತ್ತದೆ. ಹಳೆಯದರಲ್ಲಿ ಗ್ರೀಸು ಗಟ್ಟಿಯಾಗಿ, ಗುಂಡುಗಳು ಕೂತ ಜಾಗದಲ್ಲಿ ಚುಕ್ಕೆ ಬಿದ್ದಿರುತ್ತದೆ. ಅದನ್ನು ಹಟ ಹಿಡಿದು ಹುಡುಕಿ ಹಾಕುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ವಿಷಯವನ್ನು ಹೇಳುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಹಳೆಯ ಬ್ರೇಕ್ ಲೈನಿಂಗು, ಗ್ಯಾಸ್ಕೆಟ್ ಹಾಳೆಗಳಲ್ಲಿ ಕಲ್ನಾರು ಬಳಸುವುದು ಆಗ ವಾಡಿಕೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ರೋಗ ತಲೆಯೆತ್ತಲು ದಶಕಗಳೇ ಹಿಡಿಯುತ್ತವೆ. ಹಳೆಯ ಪೊಟ್ಟಣದ ಬ್ರೇಕ್ ಶೂ ಡ್ರಮ್ಮಿಗೆ ಕೂರದಿದ್ದಾಗ ಗ್ಯಾರೇಜಿನಲ್ಲಿ ಮಾಡುವುದೇನು? ಎಮರಿ ಹಾಳೆಯಿಂದ ಉಜ್ಜುತ್ತಾರೆ, ಗಾಳಿಯ ಪೈಪು ಹಿಡಿದು ದೂಳು ಹಾರಿಸುತ್ತಾರೆ. ಆ ಕೆಲಸ ಸಾಮಾನ್ಯವಾಗಿ ಬೀಳುವುದು ಅಲ್ಲಿ ಕೆಲಸ ಕಲಿಯಲು ಬಂದ ಹುಡುಗನ ಪಾಲಿಗೆ. ಮೂಗಿಗೆ ಬಟ್ಟೆಯೂ ಇಲ್ಲದೆ ಆತ ಆ ದೂಳಿನ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಗಾಡಿಯ ಮಾಲೀಕರು ಹೊರಗೆ ಬೆಂಚಿನ ಮೇಲೆ ಚಹಾ ಕುಡಿಯುತ್ತಾ, ಒಳಗೆ ಹಾಕಿಸಿದ್ದೆಲ್ಲ ಒರಿಜಿನಲ್ ಎಂದು ನೆಮ್ಮದಿಯಲ್ಲಿರುತ್ತಾರೆ. ಈ ನೆಮ್ಮದಿಗೆ ನಾವು ಹಕ್ಕುದಾರರಲ್ಲ. ಕಲ್ನಾರು ಇರಬಹುದೆಂಬ ಅನುಮಾನವಿರುವ ಹಳೆಯ ಲೈನಿಂಗನ್ನು ಎಷ್ಟೇ ಅಪರೂಪದ್ದಾದರೂ ಬಳಸಬಾರದು, ಉಜ್ಜಲು ಕೊಡಲೇಬಾರದು. ಕಲ್ನಾರಿಲ್ಲದ ಹೊಸ ಲೈನಿಂಗನ್ನು ಹಳೆಯ ಶೂಗೆ ಅಂಟಿಸಿಕೊಡುವವರು ಇದ್ದಾರೆ. ಯಂತ್ರದ ಶುದ್ಧತೆಗಾಗಿ ಒಬ್ಬ ಹುಡುಗನ ಉಸಿರನ್ನು ಪಣಕ್ಕಿಡುವ ಪ್ರೀತಿ ಪ್ರೀತಿಯೇ ಅಲ್ಲ.

ಪೆಟ್ರೋಲೂ ಈಗ ಬದಲಾಗಿದೆ. 20 ಪ್ರತಿಶತ ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಜಾವಾದ ಕಾಲದ ಪೈಪು, ವಾಷರು, ಕಾರ್ಕಿನ ಗ್ಯಾಸ್ಕೆಟ್ಟು ಇಂಥ ಇಂಧನವನ್ನು ಕಂಡವೇ ಅಲ್ಲ. ಎಥೆನಾಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯಿಂದ ತೇವ ಎಳೆಯುತ್ತದೆ, ಟ್ಯಾಂಕಿನ ತಳದ ಹಳೆಯ ತುಕ್ಕನ್ನು ಸಡಿಲಿಸುತ್ತದೆ. ಕಾರ್ಖಾನೆಯ ಮುದ್ರೆಯಿರುವ ಪೆಟ್ರೋಲು ಪೈಪೇ ಬೇಕೆಂದು ಹಟ ಹಿಡಿದವರು, ಅದನ್ನು ಮಾಡಿದವರು ಈ ಪೆಟ್ರೋಲಿಗೆ ಅದನ್ನು ಮಾಡಲಿಲ್ಲ ಎಂಬುದನ್ನು ನೆನೆಯಬೇಕು. ಅವರು ಇವತ್ತು ಕೆಲಸದಲ್ಲಿದ್ದಿದ್ದರೆ ತಾವೇ ಪೈಪು ಬದಲಿಸುತ್ತಿದ್ದರು.

ಎಲ್ಲ ಪರೀಕ್ಷೆ ದಾಟಿ ಬಂದ ಒಳ್ಳೆಯ ಭಾಗವನ್ನು ಏನು ಮಾಡಬೇಕು? ಇಲ್ಲಿ ನನ್ನ ಜಗಳ ಕೂಡಿಡುವವರ ಜೊತೆ. ಜಾವಾ ಯೆಜ್ಡಿಯ ಮೇಲೆ ಜನರ ಒಲವು ಮರಳಿದಂತೆ ಬಿಚ್ಚದ ಪೊಟ್ಟಣಕ್ಕೆ ಚಿನ್ನದ ಬೆಲೆ ಬಂತು. ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. ಹಳೆಯ ಚೀಟಿಯನ್ನೇ ಹೊಸದಾಗಿ ಅಚ್ಚು ಹಾಕಿ, ನಿನ್ನೆ ತಯಾರಾದ ಮಾಲನ್ನು ಅದರೊಳಗಿಟ್ಟು ಮಾರುವವರು ಹುಟ್ಟಿಕೊಂಡರು. ಅದನ್ನು ಬಿಡಿ, ಪ್ರಾಮಾಣಿಕವಾಗಿ ಕೂಡಿಟ್ಟವರ ವಿಷಯಕ್ಕೆ ಬರೋಣ. ಕನ್ನಡಿ ಬಾಗಿಲಿನ ಕಪಾಟಿನಲ್ಲಿ ಒಂದೇ ಬಗೆಯ ಕ್ರ್ಯಾಂಕ್ ಸೆಟ್ಟುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡವರಿದ್ದಾರೆ. ಅದೇ ಊರಿನ ಇನ್ನೊಂದು ಬೀದಿಯಲ್ಲಿ ಅದೇ ಕ್ರ್ಯಾಂಕ್ ಸಿಗದೆ ಒಬ್ಬರ ಅಪ್ಪನ ಕಾಲದ ಗಾಡಿ ಗೋಣಿಚೀಲ ಹೊದ್ದು ನಿಂತಿರುತ್ತದೆ. ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ನಮ್ಮ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬರುವಂತೆ ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಬಿದ್ದದ್ದೇ. ಆದರೂ ಅಗತ್ಯಕ್ಕಿಂತ ಹೆಚ್ಚು ಎನ್ನುವುದೇ ಆಕೆಗೆ ಸಾಕಾದ ಕಾರಣವಾಯಿತು. ಗುಜರಿಯಲ್ಲಿ ಬಿದ್ದದ್ದನ್ನು ನಾನು ಆಯ್ದು ತಂದೆ, ನನ್ನ ದುಡ್ಡು, ನನ್ನ ಕಪಾಟು ಎನ್ನುವವರಿಗೆ ಕಾನೂನಿನಲ್ಲಿ ಉತ್ತರವಿಲ್ಲ. ಲಕ್ಕಮ್ಮನಲ್ಲಿ ಇದೆ.

ಕೂಡಿಟ್ಟವರೆಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯಲಾರೆ. ಕಾರ್ಖಾನೆ ಮುಚ್ಚಿದ ಹೊಸದರಲ್ಲಿ ಈ ಮಾಲಿಗೆ ಬೆಲೆಯೇ ಇರಲಿಲ್ಲ. ಕಿಲೋ ಲೆಕ್ಕದಲ್ಲಿ ಕರಗಿಸಲು ಹೋಗುತ್ತಿದ್ದ ಹೊತ್ತಿನಲ್ಲಿ, ಎಂದಾದರೂ ಯಾರಿಗಾದರೂ ಬೇಕಾದೀತು ಎಂದು ಜಾಗ ಕೊಟ್ಟು ಉಳಿಸಿಕೊಂಡ ಅಂಗಡಿಯವರಿದ್ದಾರೆ. ವರ್ಷಕ್ಕೊಮ್ಮೆ ಮಾಲಿಗೆ ಎಣ್ಣೆ ಸವರಿ ಮತ್ತೆ ಕಾಗದ ಸುತ್ತಿದವರಿದ್ದಾರೆ. ಅವರು ಇಲ್ಲದಿದ್ದರೆ ನಾನು ಇಲ್ಲಿ ಬರೆಯುತ್ತಿರುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಯಾವ ಗಾಡಿಗೆ, ಯಾವ ವರ್ಷದ್ದು ಎಂದು ಕೇಳಿ, ಹಳೆಯ ಭಾಗವನ್ನು ತರಿಸಿ ನೋಡಿ, ನಿಜವಾಗಿ ಬೇಕೆಂದು ಮನವರಿಕೆಯಾದ ಮೇಲಷ್ಟೇ ಕಪಾಟು ತೆರೆಯುವ ಅಂಗಡಿಯವರನ್ನು ಕಂಡರೆ ನನಗೆ ಮನಸ್ಸು ತುಂಬುತ್ತದೆ. ಅವರು ಮಾಡಿದ್ದು ಕಾವಲು. ಇಟ್ಟುಕೊಳ್ಳುವುದು ಬೇರೆ, ಕಾಯುವುದು ಬೇರೆ. ಕಾಯುವವನಿಗೆ ಒಂದು ದಿನ ಒಪ್ಪಿಸಬೇಕೆಂಬ ಅರಿವಿರುತ್ತದೆ.

ಒಪ್ಪಿಸುವಾಗಿನ ಭಯ ನನಗೂ ಅರ್ಥವಾಗುತ್ತದೆ: ಇದು ಕೊನೆಯದಾದರೆ? ಹಾಕಿ ಸವೆಸಿಬಿಟ್ಟರೆ ಮುಂದೇನು? ಇದಕ್ಕೆ ಲಿಸ್ಟರ್ ಎಂಜಿನ್ನಿನ ಉದಾಹರಣೆ ಧೈರ್ಯ ಕೊಡುತ್ತದೆ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ 1930ರ ಸುಮಾರಿಗೆ ಶುರುವಾದ ಲಿಸ್ಟರ್ ಸಿಎಸ್ ಡೀಸೆಲ್ ಎಂಜಿನ್ನು ನಿಮಿಷಕ್ಕೆ ಸುಮಾರು 650 ಸುತ್ತು ತಿರುಗುವ, ದೊಡ್ಡ ಫ್ಲೈವೀಲಿನ ನಿಧಾನಿ. ಬಾವಿಯ ನೀರೆತ್ತಿದ್ದು, ಹಿಟ್ಟಿನ ಗಿರಣಿ ತಿರುಗಿಸಿದ್ದು ಇಂಥ ಎಂಜಿನ್ನುಗಳು. ಡರ್ಸ್ಲಿಯಲ್ಲಿ ಅದರ ತಯಾರಿಕೆ 1987ರಲ್ಲಿ ನಿಂತಿತು. ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಮಾತ್ರ ಅದೇ ಅಳತೆಯಲ್ಲಿ ಎಂಜಿನ್ನು, ಬಿಡಿಭಾಗ ಮಾಡುತ್ತಲೇ ಹೋದವು. ತಮ್ಮ ಊರಿನ ಎಂಜಿನ್ನು ರಿಪೇರಿ ಮಾಡಲು ಇಂಗ್ಲೆಂಡಿನವರು ರಾಜಕೋಟೆಯಿಂದ ಭಾಗ ತರಿಸಿಕೊಳ್ಳುವಂತಾಯಿತು. ಹಾಗೆ ಬಂದದ್ದರಲ್ಲಿ ಎರಕದ ಮರಳನ್ನು ಸರಿಯಾಗಿ ತೊಳೆಯದ, ಮತ್ತೆ ಕೂತು ತಿದ್ದಬೇಕಾದ ಮಾಲೂ ಇತ್ತು ಎನ್ನುವುದು ನಿಜ. ಆದರೂ ಅಳತೆ ಬದುಕಿದ್ದರಿಂದ ಎಂಜಿನ್ನು ಬದುಕಿತು. ಜೆಕ್ ದೇಶದಲ್ಲೂ ಸಣ್ಣ ಕಾರ್ಯಾಗಾರಗಳು ಹಳೆಯ ಜಾವಾಕ್ಕೆ ಹೊಸ ಭಾಗ ಮಾಡಿ ಕೊಡುತ್ತಿವೆ.

ಕೊನೆಯ ಭಾಗವನ್ನು ಬಳಸಲು ನನಗೆ ಧೈರ್ಯ ಬರುವುದು ಇಲ್ಲಿಂದ. ಎಂಜಿನ್ನಿಗೆ ಹಾಕುವ ಮುನ್ನ ಅದನ್ನು ಮೇಜಿನ ಮೇಲಿಟ್ಟು ಪೂರ್ತಿ ಅಳೆಯಬೇಕು. ಹೊರವ್ಯಾಸ, ಒಳವ್ಯಾಸ, ಹಲ್ಲಿನ ಸಂಖ್ಯೆ, ಅಂಚಿನ ಓರೆ, ಎಲ್ಲಿ ಉಜ್ಜಿ ನಯ ಮಾಡಿದ್ದಾರೆ, ಎಲ್ಲಿ ಹಾಗೇ ಬಿಟ್ಟಿದ್ದಾರೆ. ಸಾಧ್ಯವಾದರೆ ಗಡಸುತನವನ್ನೂ ಪರೀಕ್ಷೆ ಮಾಡಿಸಬೇಕು. ಎಲ್ಲ ಕಡೆಯಿಂದ ಚಿತ್ರ ತೆಗೆಯಬೇಕು. ಒಂದು ಬಳಸದ ಗೇರು ಕೊಡುವಷ್ಟು ಖಚಿತವಾದ ಅಳತೆಯನ್ನು ನೂರು ಸವೆದ ಗೇರುಗಳು ಕೊಡಲಾರವು, ಏಕೆಂದರೆ ಸವೆದದ್ದರಿಂದ ಎಷ್ಟು ಸವೆದಿದೆ ಎಂದು ಊಹಿಸಬೇಕು, ಬಳಸದ್ದರಿಂದ ಓದಿಕೊಳ್ಳಬಹುದು. ಬಿಚ್ಚದ ಪೊಟ್ಟಣದ ನಿಜವಾದ ಸಂಪತ್ತು ಇದು. ಒಣಗಿದ ಆಯಿಲ್ ಸೀಲು, ಕಲ್ನಾರಿನ ಗ್ಯಾಸ್ಕೆಟ್ಟು ಕೂಡ ಈ ಲೆಕ್ಕದಲ್ಲಿ ವ್ಯರ್ಥವಲ್ಲ. ಎಂಜಿನ್ನಿಗೆ ಬರದಿದ್ದರೂ ಮಾದರಿಗೆ ಬರುತ್ತವೆ, ಕಲ್ನಾರಿನದನ್ನು ಚೀಲದಿಂದ ಹೊರತೆಗೆಯದೆ ನೋಡಿಕೊಂಡರಾಯಿತು. ಹೀಗೆ ಬರೆದಿಟ್ಟ ಅಳತೆಯ ಟಿಪ್ಪಣಿಯನ್ನು ಮುಚ್ಚಿಡಬಾರದು, ಕೇಳಿದವರಿಗೆಲ್ಲ ಕೊಡಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಕೂಡ ವಾಹನವನ್ನು ಓಡಿಸುವುದನ್ನು ಅದರ ರಕ್ಷಣೆಯ ಭಾಗವಾಗಿಯೇ ಕಾಣುತ್ತದೆ, ಮಾಡಿದ ಬದಲಾವಣೆಯನ್ನು ದಾಖಲಿಸಿಡಿ ಎನ್ನುತ್ತದೆ. ನಮ್ಮಲ್ಲಿ ಓಡಿಸುವ ಉತ್ಸಾಹ ಬೇಕಾದಷ್ಟಿದೆ, ಬರೆದಿಡುವ ಅಭ್ಯಾಸ ಸಾಲದು.

ಒರಿಜಿನಲ್ ಎಂಬುದರ ಬಗ್ಗೆ ಒಂದು ಮಾತು. ಮುದ್ರೆ ಇರುವ ಭಾಗವನ್ನೇ ಹಾಕಬೇಕೆಂಬ ಆಸೆಯನ್ನು ನಾನು ಹೀಗಳೆಯುವುದಿಲ್ಲ. ಲೇತಿನ ಮುಂದೆ ನಿಂತು ಆ ಪಿನ್ನನ್ನು ತಿರುವಿದವರು, ಗೇಜು ಹಾಕಿ ನೋಡಿ ಪಾಸು ಮಾಡಿದವರು, ಕಾಗದ ಸುತ್ತಿದವರು ಎಲ್ಲರೂ ಮೈಸೂರಿನವರು. ಅವರು ಸಂಬಳ ಪಡೆದರು, ಮನೆಗೆ ಹೋದರು, ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡರು. ಆ ಒಂದು ಪಿನ್ನಿನ ಮಟ್ಟಿಗೆ ಅವರ ದುಡಿಮೆ ಇನ್ನೂ ಫಲ ಕಾಣದೆ ಪೊಟ್ಟಣದಲ್ಲಿ ಕೂತಿದೆ. ಅದನ್ನು ಎಂಜಿನ್ನಿಗೆ ಹಾಕಿ, ಸಿಲಿಂಡರಿನ ಬಿಸಿ ತಾಗಿಸಿ, ಚಾಮುಂಡಿ ಬೆಟ್ಟ ಹತ್ತಿಸಿದ ದಿನವೇ ಆ ಕೆಲಸ ಪೂರ್ತಿಯಾಗುವುದು. ಗಾಜಿನ ಹಿಂದೆ ಇಟ್ಟು ಅವರನ್ನು ಗೌರವಿಸಿದೆವು ಎಂದುಕೊಂಡರೆ, ಅವರು ಅದನ್ನು ಒಪ್ಪುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಸವೆಯಲಿ ಎಂದೇ ಅವರು ಅದನ್ನು ಮಾಡಿದ್ದು.

ಆ ಕಾರ್ಮಿಕರಲ್ಲಿ ಹಲವರು ಇನ್ನೂ ಮೈಸೂರಿನಲ್ಲೇ ಇದ್ದಾರೆ, ವಯಸ್ಸಾಗಿದೆ. ಅಲ್ಲಿಗೆ ಹೋದಾಗ ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸುವುದಕ್ಕಿಂತ ಮೊದಲು ಈಗ ನಾನು ಅವರನ್ನು ಹುಡುಕುತ್ತೇನೆ. ಕ್ರ್ಯಾಂಕ್ ಪಿನ್ನನ್ನು ಒತ್ತಿ ಕೂರಿಸುವಾಗ ಎಷ್ಟು ಬಿಗಿ ಇಡುತ್ತಿದ್ದಿರಿ, ಕ್ಲಚ್ ಬಿಡಿಸುವ ಕ್ಯಾಮಿಗೆ ಹದ ಕೊಡುತ್ತಿದ್ದದ್ದು ಹೇಗೆ, ಗೇರು ಪೆಟ್ಟಿಗೆಯ ಆ ತೆಳು ವಾಷರುಗಳಲ್ಲಿ ಯಾವುದನ್ನು ಎಲ್ಲಿ ಹಾಕಬೇಕೆಂದು ಏನು ನೋಡಿ ತೀರ್ಮಾನಿಸುತ್ತಿದ್ದಿರಿ ಎಂದು ಕೇಳುತ್ತೇನೆ. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಕೆಲವರು ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು ಚಿತ್ರವನ್ನು ತಾವೇ ಬಿಡಿಸುತ್ತಾರೆ, ಅಳತೆಯನ್ನೂ ಪಕ್ಕದಲ್ಲಿ ಹಾಕುತ್ತಾರೆ.